ಮೂರನೇ ಸಾಲಿನ ಮೆಂತ್ಯದ ಕಾಳು

ಮೆಂತ್ಯದ ಕಾಳು ಸೈದಪ್ಪನ ಬೆರಳ ತುದಿಯಲ್ಲೇ ನಿಂತಿತು. ಇಡಬೇಕೋ ಬೇಡವೋ ಎಂದು ಅವನು ಎದುರಿಗೆ ಕುಳಿತ ಸಾಬವ್ವನ ಮುಖ ನೋಡಿದ.

"ಇಡು ತಮ್ಮಾ. ನಾ ಏನೂ ಅನ್ನೂದಿಲ್ಲ," ಎಂದಳು ಸಾಬವ್ವ.

ರಬಾಳೆಯ ಗೋದಾಮುಗಳ ಹಿಂದೆ, ಹಮಾಲರ ತಗಡಿನ ಖೋಲಿಯೊಂದರಲ್ಲಿ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಾಲ್ಕು ಚೌಕ ಬರೆದಿತ್ತು. ಮುಂಜಾನೆಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು, ರಾತ್ರಿಗೊಂದು. ಪಕ್ಕದಲ್ಲಿ ಐದು ಬಟ್ಟಲು. ಹುಣಸೆ ಬೀಜವೆಂದರೆ ಸಾರಾಯಿ. ಶೇಂಗಾ ಎಂದರೆ ನಿದ್ದೆಯ ಗುಳಿಗೆ. ಕಡಲೆ ಎಂದರೆ ಗಾಂಜಾ. ಹೆಸರುಕಾಳು ಎಂದರೆ ಕೆಮ್ಮಿನ ಔಷಧ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಯಾವುದು ಯಾವಾಗ ಒಳಗೆ ಹೋಯಿತೋ, ಆ ಕಾಳನ್ನು ಆ ಚೌಕದಲ್ಲಿ ಇಟ್ಟರಾಯಿತು. ಬಾಯಿ ಬಿಟ್ಟು ಹೇಳುವ ನಾಚಿಕೆ ಇಲ್ಲ.

ಬಾಗಿಲ ಬಳಿ ಗೋಣಿಚೀಲದ ಮೇಲೆ ವಿನೋದಾ ಕೋಟ್ಯಾನ್ ಕುಳಿತಿದ್ದಳು. ಡೊಂಬಿವಲಿಯ ಔಷಧದ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ದುಡಿದು, ಆಮೇಲೆ ಪತ್ತೇದಾರಿಕೆಗೆ ಇಳಿದ ಹೆಂಗಸು ಅವಳು. ಗುಳಿಗೆಗಳ ವಿಷಯ ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಗುಳಿಗೆ ನುಂಗಿದವನ ಬಾಯಿ ಬಿಡಿಸುವ ಈ ವಿದ್ಯೆಯನ್ನು ಅವಳು ಇದೇ ಮೊದಲು ನೋಡುತ್ತಿದ್ದಳು.

ಸೈದಪ್ಪ ರಾತ್ರಿಯ ಚೌಕದಲ್ಲಿ ಆಗಲೇ ಮೂರು ಹುಣಸೆ ಬೀಜ, ಎರಡು ಶೇಂಗಾ ಇಟ್ಟಿದ್ದ. ಈಗ ಮೆಂತ್ಯದ ಒಂದು ಕಾಳನ್ನು ಮುಂಜಾನೆಯ ಚೌಕದಲ್ಲಿ ಇಟ್ಟ. ತಡೆದು, ಸಂಜೆಯ ಚೌಕದಲ್ಲಿ ಇನ್ನೊಂದು ಇಟ್ಟ.

"ಇದು ಅಮಲು ಅಲ್ಲ ಯಕ್ಕಾ," ಎಂದ ಮೆಲ್ಲಗೆ. "ಸೊಂಟಾ ಹಿಡೀಬಾರದು ಅಂತ ಚಾದ ಕೂಡ ಕೊಡತಾರ. ಬಿಳೀದು. ಪಾಳಿ ಮುಗದಾಗ ಇನ್ನೊಂದು. ನುಂಗಿದರ ನೂರು ಚೀಲ ಹೊತ್ರೂ ಮೈ ನಂದಲ್ಲ ಅನಸತೈತಿ."

"ಯಾರು ಕೊಡುವುದು?" ವಿನೋದಾ ತಡೆಯಲಾರದೆ ಕೇಳಿಬಿಟ್ಟಳು.

ಸೈದಪ್ಪನ ಕೈ ತಟ್ಟನೆ ಹಿಂದಕ್ಕೆ ಹೋಯಿತು. ಸಾಬವ್ವ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆದರೆ ವಿನೋದಾ ತಲೆ ತಗ್ಗಿಸಿದಳು.

"ಈ ಚೌಕದ ಮುಂದ ಹೆಸರು ಕೇಳೂದಿಲ್ರೀ ಅಕ್ಕಾರ," ಎಂದಳು ಸಾಬವ್ವ. "ತಮ್ಮಾ, ನೀ ಹೇಳಬ್ಯಾಡ. ಏಳು, ಪಾಳಿಗೆ ಹೊತ್ತಾತು."

ಸೈದಪ್ಪ ಎದ್ದು ಹೋದ. ಹೊರಗೆ ಮುಕಾದಮ ಶಂಭು ಶಿಳ್ಳೆ ಹಾಕಿ ಆಳುಗಳನ್ನು ಕರೆಯುತ್ತಿದ್ದ. ಮುಂಜಾನೆಯ ಚಾ ಹಂಚುವವನು ಅವನೇ ಎಂಬುದು ಇಡೀ ವಸ್ತಿಗೆ ಗೊತ್ತಿದ್ದ ಸಂಗತಿ.

ಕಳೆದ ಜನವರಿಯಲ್ಲಿ, ಹನ್ನೊಂದೇ ದಿನದಲ್ಲಿ, ಇಲ್ಲಿ ನಾಲ್ವರು ಹಮಾಲರು ಮಲಗಿದಲ್ಲೇ ಸತ್ತಿದ್ದರು. ಪೊಲೀಸರು ಸಾರಾಯಿ ಮಾರುವ ಮುದುಕಿ ಮರಗಮ್ಮನನ್ನು ಜೈಲಿಗೆ ಹಾಕಿದ್ದರು. ಅವಳ ಸಾರಾಯಿಯಲ್ಲಿ ವಿಷ ಇತ್ತಂತೆ. "ಅಲ್ಲ" ಎಂದವಳು ಒಬ್ಬಳೇ, ಈ ಸಾಬವ್ವ. ಹೇಳಿ ಸುಮ್ಮನಾಗಲಿಲ್ಲ. ಡೊಂಬಿವಲಿಯ ತನಕ ನಿಂತುಕೊಂಡೇ ಲೋಕಲಿನಲ್ಲಿ ಬಂದು ವಿನೋದಾಳ ಆಫೀಸಿನ ಬಾಗಿಲು ತಟ್ಟಿದ್ದಳು.

* * *

ಸಾಬವ್ವ ವಿಜಯಪುರದ ಕಡೆಯವಳು. ಗಂಡ ಚೀಲ ಹೊತ್ತೇ ಸತ್ತಿದ್ದ. ನಾಲ್ಕನೇ ಇಯತ್ತೆ ಓದಿದ ಅವಳನ್ನು ಈ ಸರ್ವೆಗೆ ಸೇರಿಸಿದ್ದು ಡಾಕ್ಟರ್ ಶ್ರೀಮತಿ ಎಂಬವರು. ಕಲ್ಯಾಣದ ಸ್ಟೇಶನ್ನಿನ ಆಚೀಚೆ, ರಬಾಳೆಯ ವಸ್ತಿಗಳಲ್ಲಿ ಬದುಕುವವರು ಒಂದಕ್ಕಿಂತ ಹೆಚ್ಚು ಅಮಲನ್ನು ಹೇಗೆ ಬೆರೆಸಿಕೊಳ್ಳುತ್ತಾರೆ ಎಂದು ಅಳೆಯುವ ಸರ್ವೆ ಅದು. ಚೌಕ ಬರೆದು ನಾಲ್ಕು ಬಗೆಯ ಕಾಳಿಡುವುದನ್ನು ಕಲಿಸಿದವರು ಡಾಕ್ಟರ್. ಐದನೆಯ ಬಟ್ಟಲು ಮಾತ್ರ ಸಾಬವ್ವನ ಸ್ವಂತ ಬುದ್ಧಿ.

"ಮೆಂತ್ಯ ಯಾಕೆ ಇಟ್ಟಿರಿ?" ವಿನೋದಾ ಕೇಳಿದಳು.

"ಮಂದಿ ಅಮಲು ಅಂತ ಎಣಸೂದ ಬ್ಯಾರೆ, ಬಾಯಾಗ ಹೋಗೂದ ಬ್ಯಾರೆ. ಈ ನಾಕರಾಗ ಬರಲಾರದ್ದು ಏನರ ಇದ್ರ ಅದಕ್ಕೊಂದು ಕಾಳು ಬೇಕಲ್ರಿ? ಮೆಂತ್ಯ ಕಹಿ. ಅದಕ್ಕ ಅದನ್ನ ಇಟ್ಟೆ."

ಇಷ್ಟು ಹೇಳಿ ಅವಳು ಗಂಟು ಬಿಚ್ಚಿದಳು. ಇನ್ನೂರ ಹನ್ನೆರಡು ಚೀಟಿಗಳು. ಪ್ರತಿಯೊಂದರಲ್ಲೂ ನಾಲ್ಕು ಚೌಕ, ಕಾಳಿನ ಗುರುತು, ತಾರೀಖು, ವಸ್ತಿಯ ಖೋಲಿಗಳ ಯಾವ ಸಾಲು ಎಂಬುದು. ಹೆಸರಿನ ಜಾಗದಲ್ಲಿ ಒಂದು ಗುಟ್ಟಿನ ಅಕ್ಷರ. ತಾಯಿಯ ಹೆಸರಿನ ಮೊದಲ ಅಕ್ಷರ, ಊರಿನ ಮೊದಲ ಅಕ್ಷರ, ಮನೆಯಲ್ಲಿ ಎಷ್ಟನೆಯ ಮಗು ಎಂಬ ಅಂಕೆ. ಅಷ್ಟೇ. ಪೊಲೀಸರ ಕೈಗೆ ಸಿಕ್ಕರೂ ಯಾರನ್ನೂ ಹಿಡಿಯಲು ಬಾರದು.

ಆ ಅಕ್ಷರಗಳನ್ನು ಹೊಂದಿಸಲೆಂದೇ ಇಬ್ಬರೂ ಹಿಂದಿನ ಎರಡು ದಿನ ವಸ್ತಿ ಸುತ್ತಿದ್ದರು. ಸತ್ತ ನಾಲ್ವರ ಮನೆಗೆ ಹೋಗಿ, ತಾಯಿಯ ಹೆಸರೇನು, ಊರು ಯಾವುದು, ಅಣ್ಣತಮ್ಮಂದಿರೆಷ್ಟು ಎಂದು ಕೇಳಿದ್ದರು. ಸಾಯುವ ಮೊದಲು ಮೂವರು ಸಾಬವ್ವನ ಮುಂದೆ ಕುಳಿತು ಕಾಳು ಇಟ್ಟವರೇ ಎಂದು ತಿಳಿದುಬಂತು.

ಮೂರು ಚೀಟಿಗಳನ್ನು ವಿನೋದಾ ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಮೂರರಲ್ಲೂ ರಾತ್ರಿ ಹುಣಸೆ ಬೀಜ ಮತ್ತು ಶೇಂಗಾ. ಮೂರರಲ್ಲೂ ಮುಂಜಾನೆ ಒಂದು, ಸಂಜೆ ಒಂದು ಮೆಂತ್ಯ.

ಮೆಂತ್ಯವೆಂದರೆ ಯಾವ ಗುಳಿಗೆ ಎಂಬುದು ಅವಳಿಗೆ ಹೊಳೆಯಿತು.

ಬಲವಾದ ನೋವಿನ ಗುಳಿಗೆ. ಆಪರೇಶನ್ ಆದವರಿಗೆ ಕೊಡುವಂಥದ್ದು. ಅದೊಂದನ್ನೇ ನುಂಗಿದವನು ಬದುಕಬಹುದು. ಸಾರಾಯಿ ಒಂದನ್ನೇ ಕುಡಿದವನೂ ಬೆಳಗ್ಗೆ ಏಳಬಹುದು. ಅದರ ಮೇಲೆ ಇದು, ಇದರ ಮೇಲೆ ನಿದ್ದೆಯ ಗುಳಿಗೆ ಬಿದ್ದರೆ ಮಲಗಿದವನ ಉಸಿರು ತಾನೇ ಮರೆತು ನಿಂತುಬಿಡುತ್ತದೆ.

"ಸಾಬವ್ವ, ಮರಗಮ್ಮನ ಸಾರಾಯಿ ಎಷ್ಟು ಸಾಲಿನವರು ಕುಡಿಯುತ್ತಾರೆ?"

"ನಾಕೂ ಸಾಲಿನವರು ಕುಡೀತಾರ್ರಿ. ಸತ್ತವರೆಲ್ಲಾ ಮೂರನೇ ಸಾಲಿನವರು. ಮೆಂತ್ಯ ಇಟ್ಟವರೂ ಮೂರನೇ ಸಾಲಿನವರ. ಶಂಭುನ ಆಳುಗಳು." ಸಾಬವ್ವ ಒಂದು ಚೀಟಿಯ ತಾರೀಖಿನ ಮೇಲೆ ಬೆರಳಿಟ್ಟಳು. "ಮೊದಲನೇ ಮೆಂತ್ಯ ಬಂದದ್ದು ಜನವರಿ ಮೂರಕ್ಕ. ಮೊದಲನೇ ಹೆಣ ಎದ್ದದ್ದು ಒಂಬತ್ತಕ್ಕ."

ವಿನೋದಾ ಹದಿನೆಂಟು ವರ್ಷ ಕೌಂಟರಿನ ಹಿಂದೆ ನಿಂತು ಸಾವಿರಾರು ಜನರಿಗೆ ಪಟ್ಟಿಗಟ್ಟಲೆ ಗುಳಿಗೆ ಕೊಟ್ಟಿದ್ದಳು. ಇದರ ಜೊತೆಗೆ ಇನ್ನೇನು ತೆಗೆದುಕೊಳ್ಳುತ್ತೀಯಪ್ಪ ಎಂದು ಒಬ್ಬನನ್ನೂ ಕೇಳಿರಲಿಲ್ಲ. ನಾಲ್ಕನೇ ಇಯತ್ತೆಯ ಈ ಹೆಂಗಸು ಕೇಳಿದ್ದಳು. ಒಬ್ಬೊಬ್ಬರನ್ನೂ, ಬಿಸಿಲಲ್ಲಿ ಮೊಣಕಾಲೂರಿ ಕುಳಿತು, ಇನ್ನೂರ ಹನ್ನೆರಡು ಸಲ.

ಆಮೇಲೆ ವಿನೋದಾ ಚೀಲದಿಂದ ಸರ್ವೆಯ ಅಚ್ಚಾದ ವರದಿ ತೆಗೆದಳು. ಮೂರನೇ ಸಾಲಿನ ಪುಟ ತೆರೆದಳು. ಮೂವತ್ತೆಂಟು ಜನರ ಎದುರಿಗೂ ಒಂದೇ ಮಾತು: ಮದ್ಯ ಮಾತ್ರ.

"ಅಗಾ!" ಎಂದಳು ಸಾಬವ್ವ. "ನನ್ನ ಮೆಂತ್ಯಾ ಎಲ್ಲಿ ಹೋತ್ರೀ?"

* * *

ನೆರೂಲ್‌ನಲ್ಲಿ ಗಾಡಿ ಬದಲಿಸಿ ಅವರು ಖಾರಘರ ತಲುಪುವಾಗ ಎರಡೂವರೆ. ಗುಡ್ಡದ ಬುಡದ ಎತ್ತರದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಸರ್ವೆಯ ಆಫೀಸು. ಲೆಕ್ಕಾಚಾರವೆಲ್ಲ ಕೀರ್ತನ್ ಎಂಬ ತರುಣನ ಕೈಯಲ್ಲಿ. ಉಡುಪಿ ಕಡೆಯವರ ಮಗ, ಹುಟ್ಟಿದ್ದು ಕಲ್ಯಾಣದಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಹಿಂದಿಯೇ ಮೊದಲು ಬರುತ್ತಿತ್ತು.

"ಆಂಟಿ, ಟೆನ್ಶನ್ ಮತ್ ಲೋ," ಎಂದ ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ. "ಸಾಫ್ಟ್‌ವೇರ್ ಒಂದು ಮನುಷ್ಯನಿಗೆ ಒಂದೇ ಉತ್ತರ ತಗೊಳ್ತದೆ. ಮುಖ್ಯ ಅಮಲು ಯಾವ್ದು, ಬಸ್. ಬಾಕಿ ಸಬ್ ಕಟ್ ಹೋ ಜಾತಾ ಹೈ."

ವಿನೋದಾ ಬಾಯಿ ತೆರೆಯುವ ಮೊದಲೇ ಸಾಬವ್ವ ಮುಂದೆ ಬಂದಳು.

"ಸಾಹೇಬ್ರ, ನೀವು ಮುಂಜಾನೆ ಚಾ ಕುಡೀತೀರಿ. ಮಧ್ಯಾಹ್ನ ಉಣ್ತೀರಿ. ಸಂಜಿಗೆ ವಡಾಪಾವ್ ತಿಂತೀರಿ. ನಾ ಒಂದ ಬರಕೋತೇನಿ ಅಂದು ಚಾ ಅಷ್ಟ ಬರದರ, ಓದಿದವರು ಏನ ತಿಳೀಬೇಕು? ಪಾಪ, ಈ ಹುಡುಗಾ ಉಪಾಸ ಅದಾನ ಅಂತ ತಿಳೀಬೇಕು. ಹೌದಿಲ್ಲೋ?"

ಕೀರ್ತನ್ ನಗಲು ನೋಡಿದ. ನಗು ಪೂರ್ತಿ ಬರಲಿಲ್ಲ.

ವಿನೋದಾ ವರದಿಯನ್ನು ಅವನ ಮುಂದೆ ಬಿಡಿಸಿಟ್ಟಳು. "ಒಂದನೇ ಸಾಲು ನೋಡು ಮಾರಾಯ. ಮದ್ಯ, ನಿದ್ದೆ ಗುಳಿಗೆ, ಗಾಂಜಾ, ಮೂರೂ ಉಂಟು. ಎರಡನೇ ಸಾಲು? ಅಲ್ಲಿಯೂ ಉಂಟು. ನಾಲ್ಕರಲ್ಲಿಯೂ ಉಂಟು. ಮೂರನೆಯದರಲ್ಲಿ ಮಾತ್ರ ಇಲ್ಲ. ನಿನ್ನ ಸಾಫ್ಟ್‌ವೇರ್‌ಗೆ ರಬಾಳೆಯ ಓಣಿ ಎಲ್ಲ ಗೊತ್ತುಂಟಾ?"

ಅವನು ಮೌಸಿನಿಂದ ಕೈ ತೆಗೆದ.

"ಮೂರನೇ ಸಾಲಿನವರ ಉತ್ತರ ಅಳಿಸಿದ್ದು ನೀನು."

"ಆಂಟಿ..."

"ಮರಗಮ್ಮನಿಗೆ ಅರವತ್ತು ದಾಟಿದೆ. ಜೈಲಿನಲ್ಲಿ ಕೂತಿದ್ದಾಳೆ. ನೀನು ಎ.ಸಿ.ಯಲ್ಲಿ ಕೂತಿದ್ದೀ. ಯಾರು ಹೇಳಿದರು ಅಳಿಸಲಿಕ್ಕೆ? ಶಂಭುವಾ?"

"ಕೋಯಿ ನಹೀಂ!" ಕೀರ್ತನ್‌ನ ಧ್ವನಿ ಒಡೆಯಿತು. ಒಮ್ಮೆಲೇ ಹಿಂದಿ ಬಿಟ್ಟು ಮನೆಯ ಕನ್ನಡಕ್ಕೆ ಇಳಿದ. "ಯಾರೂ ಹೇಳಲಿಲ್ಲ. ನಾನೇ ಹೆದರಿದೆ. ಆ ಮೆಂತ್ಯದ ಗುಳಿಗೆ ಒಂದು ವಸ್ತಿಯಲ್ಲಿ ನನ್ನ ಕೈಗೂ ಬಂದಿತ್ತು. ನೋಡಿದ ಕೂಡಲೇ ಗೊತ್ತಾಯ್ತು. ಅದು ನಮ್ಮದೇ."

"ನಿಮ್ಮದೇ ಅಂದರೆ?"

"ರಬಾಳೆಯಲ್ಲಿ ಶನಿವಾರ ನಾವು ದವಾಖಾನೆ ನಡೆಸ್ತೇವಲ್ಲ, ಗಾಯ ಆದವರಿಗೆ. ಅಲ್ಲಿನ ಕಪಾಟಿನದ್ದು. ನಾನು ಹೋಗಿ ನೋಡಿದೆ. ಎಂಟು ಡಬ್ಬ ಇಲ್ಲ. ಈ ಸಂಗತಿ ಹೊರಗೆ ಬಂದ್ರೆ ಸರ್ವೆ ಬಂದ್. ಎರಡು ವರ್ಷದ ಕೆಲಸ ನೀರಲ್ಲಿ. ಸಾಬವ್ವ ಬಾಯಿಯ ಕೆಲಸವೂ ಹೋಗ್ತದೆ. ಅದಕ್ಕೆ ಅಳಿಸಿದೆ. ಕದ್ದದ್ದು ನಾನಲ್ಲ, ದೇವರಾಣೆ."

"ಕಪಾಟಿನ ಬೀಗ ಒಡೆದಿತ್ತಾ?"

"ಇಲ್ಲ. ಕೀಲಿಯಿಂದಲೇ ತೆಗೆದದ್ದು. ಕೀಲಿ ಎರಡೇ ಇರೋದು. ಒಂದು ನನ್ನ ಹತ್ರ. ಇನ್ನೊಂದು..."

ಅವನು ವಾಕ್ಯ ಮುಗಿಸಲಿಲ್ಲ. ಅವನ ಕಣ್ಣು ಹೋದ ಕಡೆಗೆ ವಿನೋದಾಳ ಕಣ್ಣೂ ಹೋಯಿತು.

ಸಾಬವ್ವ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ನೋಟ ತಗ್ಗಿಸಲಿಲ್ಲ.

"ಹೌದ್ರಿ. ಇನ್ನೊಂದು ನನ್ನ ಕಡೆ ಐತಿ," ಎಂದಳು. "ಆ ಬಿಳೀ ಗುಳಿಗಿ ಕಪಾಟಿನದು ಅಂತ ನನಗ ಗೊತ್ತಿರಲಿಲ್ಲ. ನಾ ಆ ಡಬ್ಬಿ ತಗದ ನೋಡಿದಾಕಿ ಅಲ್ಲ. ಆದ್ರ ಕೀಲಿ ಒಬ್ಬರಿಗೆ ಕೊಟ್ಟಿದ್ದೆ. ಹೊಸಾ ವರ್ಷದ ಹಿಂದಿನ ದಿನ. ಎರಡು ದಿನಕ್ಕ ತಿರುಗಿ ಕೊಟ್ರು. ತಪ್ಪು ನಂದೂ ಐತಿ. ಬರಕೋರಿ."

ಬೇರೆ ಯಾರಾದರೂ ಆಗಿದ್ದರೆ ಕೀಲಿ ಕಳೆದುಹೋಗಿತ್ತು ಎನ್ನುತ್ತಿದ್ದರು. ಇಷ್ಟು ವರ್ಷದ ಪತ್ತೇದಾರಿಕೆಯಲ್ಲಿ, ಕೇಳುವ ಮೊದಲೇ ತನ್ನ ತಪ್ಪನ್ನು ಮೇಜಿನ ಮೇಲಿಟ್ಟ ಸಾಕ್ಷಿ ವಿನೋದಾಳಿಗೆ ಸಿಕ್ಕಿರಲಿಲ್ಲ.

"ಯಾರಿಗೆ ಕೊಟ್ಟಿರಿ ಸಾಬವ್ವ?"

"ಅದನ್ನ ಹೇಳೂದಿಲ್ರಿ."

"ಯಾಕೆ?"

"ಕೀಲಿ ಯಾಕ ಬೇಕಾಗಿತ್ತು ಅನ್ನೂದನ್ನ ಅವರು ನನ್ನ ಚೌಕದ ಮುಂದ ಕುಂತು ಹೇಳ್ಯಾರ. ಕಾಳು ಇಟ್ಟು ತೋರಸ್ಯಾರ. ಕಣ್ಣೀರು ಹಾಕ್ಯಾರ. ತಮ್ಮ ನೋವಿಗೆ ಅಂದ್ರು, ನಾ ನಂಬಿದೆ." ಸಾಬವ್ವ ಗಂಟನ್ನು ಎತ್ತಿ ವಿನೋದಾಳ ಕೈಗಿಟ್ಟಳು. "ಅವರ ಚೀಟಿನೂ ಇದರಾಗ ಐತಿ. ನೀವು ಶಾಣ್ಯಾರು, ಅಕ್ಷರ ಹೊಂದಿಸಿ ಹುಡಕಬೇಕಂದ್ರ ಹುಡಕ್ರಿ. ನಾ ಕೈ ಹಿಡಿಯೂದಿಲ್ಲ. ಆದ್ರ ನಾಳಿಗೆ ರಬಾಳೆದಾಗ ಒಬ್ಬರೂ ನನ್ನ ಮುಂದ ಕೂಡೂದಿಲ್ಲ. ಮತ್ತ ಎಲ್ಲಾರೂ ಬರೇ ಸಾರಾಯಿ ಅಂತಾರ. ಮತ್ತ ಮಂದಿ ಸಾಯತಾರ, ಯಾಕ ಅಂತ ಯಾರಿಗೂ ಗೊತ್ತಾಗೂದಿಲ್ಲ."

ವಿನೋದಾಳ ಕೈಯಲ್ಲಿ ಗಂಟು ಭಾರವಾಯಿತು. ಅರ್ಧ ಗಂಟೆ ಸಾಕಿತ್ತು ಅವಳಿಗೆ. ಜನವರಿ ಮೂರರ ಆಸುಪಾಸಿನ ತಾರೀಖು, ಹಮಾಲರದ್ದಲ್ಲದ ಊರಿನ ಅಕ್ಷರ. ಬೆರಳುಗಳು ಗಂಟಿನ ತುದಿಗೆ ಹೋದವು.

ಅಷ್ಟರಲ್ಲಿ ಸಾಬವ್ವನ ಫೋನು ಬಡಿದುಕೊಂಡಿತು.

ಸೈದಪ್ಪನ ಹೆಂಡತಿ ಕಾಂಚನಾ. ಅವಳ ಅಳು ಫೋನಿನಿಂದ ಹೊರಗೆ ಕೇಳುತ್ತಿತ್ತು. ಗೋದಾಮಿನಲ್ಲಿ ಚೀಲಗಳ ನಡುವೆ ಸೈದಪ್ಪ ಬಿದ್ದಿದ್ದಾನೆ. ಎಬ್ಬಿಸಿದರೆ ಏಳುವುದಿಲ್ಲ. ತುಟಿ ನೀಲಿಯಾಗಿದೆ. ಬದಿಯವರು ಟೆಂಪೋದಲ್ಲಿ ಹಾಕಿ ದವಾಖಾನೆಗೆ ತಂದಿದ್ದಾರೆ. ಡಾಕ್ಟರು ಏನು ಕುಡಿದಿದ್ದಾನೆ ಎಂದು ಕೇಳುತ್ತಿದ್ದಾರೆ, ಇವಳು ಸಾರಾಯಿ ಎಂದಿದ್ದಾಳೆ.

"ಸಾರಾಯಿ ಅಂತ ಮಾತ್ರ ಹೇಳಿದರೆ ಹೋದ!" ವಿನೋದಾ ಕೂಗಿದಳು.

ಸಾಬವ್ವ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಫೋನನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು.

"ಕಾಂಚನಾ, ಅಳೂದ ಬಿಡು. ಫೋನು ಡಾಕ್ಟರ ಕೈಯಾಗ ಕೊಡು."

ಆ ಕಡೆಯಿಂದ ಮರಾಠಿಯಲ್ಲಿ ಗಂಡಸಿನ ದನಿ ಬಂತು. ಸಾಬವ್ವ ತನ್ನ ಮುರುಕು ಮರಾಠಿಯಲ್ಲಿ, ಚೀಟಿ ನೋಡದೆ, ಕಣ್ಣ ಮುಂದೆ ಚೌಕಗಳನ್ನು ಇಟ್ಟುಕೊಂಡವಳಂತೆ ಒಂದೊಂದನ್ನೇ ಒಪ್ಪಿಸಿದಳು. ನಿನ್ನೆ ಮುಂಜಾನೆ ಒಂದು ನೋವಿನ ಗುಳಿಗೆ. ಸಂಜೆ ಇನ್ನೊಂದು. ರಾತ್ರಿ ಮೂರು ಗ್ಲಾಸು ಸಾರಾಯಿ, ಅದರ ಮೇಲೆ ಎರಡು ನಿದ್ದೆಯ ಗುಳಿಗೆ. ಇವತ್ತು ಚಾದ ಜೊತೆ ಮತ್ತೆ ಒಂದು ಹೋಗಿರಬೇಕು. ಕಪಾಟಿನ ಗುಳಿಗೆಯ ಹೆಸರನ್ನು ಕೀರ್ತನ್ ಪಕ್ಕದಿಂದ ಹೇಳಿದ. ಅವಳು ತೊದಲದೆ ಅದನ್ನೂ ಹೇಳಿದಳು.

ಆ ಕಡೆ ಯಾರೋ ಓಡಿದ ಸದ್ದು. ಇಂಜೆಕ್ಷನ್ ತರಲು ಕೂಗಿದ ಸದ್ದು. ಎರಡು ನಿಮಿಷ. ಮೂರು. ಸಾಬವ್ವ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಯಕ್ಕಾ," ಕಾಂಚನಾಳ ದನಿ ಬಂತು. "ಕೆಮ್ಮಿದ. ಕಣ್ಣು ಬಿಡಾಕತ್ಯಾನ."

ಸಾಬವ್ವ ನೆಲದ ಮೇಲೆ ಕುಳಿತಳು. ಕೀರ್ತನ್ ನೀರಿನ ಗ್ಲಾಸು ಹಿಡಿದು ಅವಳ ಮುಂದೆ ಮಂಡಿಯೂರಿದ. ಲೆಕ್ಕದ ಹುಡುಗನ ಕಣ್ಣಲ್ಲಿ ನೀರಿತ್ತು. ತಾನು ಅಳಿಸಿದ ಅಂಕೆಗಳು ಎಂಥವು ಎಂಬುದು ಅವನಿಗೆ ಈಗ ಅರ್ಥವಾಗಿತ್ತು.

ವಿನೋದಾ ಗಂಟನ್ನು ಬಿಚ್ಚದೆ ಮೇಜಿನ ಮೇಲಿಟ್ಟಳು.

"ಸಾಬವ್ವ, ನಾನು ಹುಡುಕುವುದಿಲ್ಲ. ಆದರೆ ಒಂದು ಮಾತು. ಈಗ ಸೈದಪ್ಪನ ಗುಟ್ಟನ್ನು ಅವನ ಜೀವಕ್ಕೋಸ್ಕರ ಹೇಳಿದಿರಿ. ನಾಳೆ ಬೆಳಗ್ಗೆ ಮತ್ತೆ ಚಾ ಹಂಚುತ್ತಾರೆ. ಮೂರನೇ ಸಾಲಿನಲ್ಲಿ ಇನ್ನೂ ಎಷ್ಟು ಜನ ಇದ್ದಾರೆ?"

ಸಾಬವ್ವ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಗುಡ್ಡದ ಮೇಲಿನ ಒಣಹುಲ್ಲು ಗಾಳಿಗೆ ಅಲೆಯಾಡುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಹೆಸರು ನಾ ಹೇಳೂದಿಲ್ರಿ," ಎಂದಳು. "ಆದ್ರ ಅವರ ಮುಂದ ಹೋಗಿ ನಿಂದರತೇನಿ. ಅವರ ಬಾಯಿಂದ ಅವರ ಹೇಳ್ಲಿ. ನೀವು ಹಿಂದ ಬರ್ರಿ."

"ದೂರವಾ? ರಿಕ್ಷಾ ಹಿಡಿಯಬೇಕಾ?"

ಸಾಬವ್ವ ಹೊರಟಳು. ವಿನೋದಾ, ಅವಳ ಬೆನ್ನಿಗೆ ಕೀರ್ತನ್. ಮೂವರೂ ಲಿಫ್ಟಿನೊಳಗೆ ಹೋದರು. ಕೆಳಗಿಳಿಯುವ ಗುಂಡಿಗಾಗಿ ವಿನೋದಾ ಕೈ ಚಾಚಿದಳು.

ಸಾಬವ್ವ ಆ ಕೈಯನ್ನು ಮೆಲ್ಲಗೆ ಸರಿಸಿ ಐದನೆಯ ಮಹಡಿಯ ಗುಂಡಿ ಒತ್ತಿದಳು.

ಕೀರ್ತನ್ ಗೋಡೆಗೆ ಒರಗಿದ. "ನಹೀಂ," ಎಂದ ಪಿಸುದನಿಯಲ್ಲಿ. "ಹೋ ಹೀ ನಹೀಂ ಸಕ್ತಾ. ಸಾಧ್ಯವೇ ಇಲ್ಲ."

ಲಿಫ್ಟಿನ ಬಾಗಿಲು ತೆರೆಯಿತು. ಉದ್ದ ಪಡಸಾಲೆ. ಕೊನೆಯಲ್ಲಿ ಒಂದೇ ಮನೆ, ಬಾಗಿಲ ಮೇಲೆ ಹಿತ್ತಾಳೆಯ ಫಲಕ: ಡಾಕ್ಟರ್ ಶ್ರೀಮತಿ. ಸರ್ವೆಯ ಮುಖ್ಯಸ್ಥೆ. ಸಾಬವ್ವನಿಗೆ ಚೌಕ ಬರೆಯಲು ಕಲಿಸಿದವರು.

ಸಾಬವ್ವ ಚಪ್ಪಲಿ ಬಿಟ್ಟಳು. ಗಂಟೆ ಒತ್ತಲು ಅವಳು ಕೈ ಎತ್ತುವಷ್ಟರಲ್ಲಿ ಬಾಗಿಲು ತಾನೇ ತೆರೆದುಕೊಂಡಿತು. ಬಿಳಿ ಕೂದಲಿನ ಎತ್ತರದ ಹೆಂಗಸು, ಒಂದು ಕೈಯಿಂದ ಬಾಗಿಲವಾಡ ಹಿಡಿದುಕೊಂಡು ನಿಂತಿದ್ದರು. ವಿನೋದಾಳನ್ನು ನೋಡಲಿಲ್ಲ, ಕೀರ್ತನ್‌ನನ್ನೂ ನೋಡಲಿಲ್ಲ.

"ಸಾಬವ್ವ," ಎಂದರು. "ಸೈದಪ್ಪ ಉಸಿರಾಡ್ತಿದ್ದಾನಾ?"

ಕಾಂಚನಾಳ ಫೋನು ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಬಂದದ್ದು ಸಾಬವ್ವನೊಬ್ಬಳಿಗೆ. ಡಾಕ್ಟರಿಗೆ ಸುದ್ದಿ ಮುಟ್ಟಿಸಿದವರು ಗೋದಾಮಿನಲ್ಲೇ ಯಾರೋ ಇದ್ದರು.